ಕಾನ್ಫರ್ವಾ: ಸಿಹಿನೀರಿನ ಪಾಚಿಯ ಹಳೆಯ ಹೆಸರಿನ ಲ್ಯಾಟಿನ್ ಮೂಲವನ್ನು ಹುಡುಕುವ ಬಗೆ

ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವರದಿಗಳಲ್ಲಿ, ಒಮ್ಮೊಮ್ಮೆ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ ಉಳಿದುಹೋದ ಶೀಶೆಯ ಚೀಟಿಯಲ್ಲಿ ‘ಕಾನ್ಫರ್ವಾ’ ಎಂಬ ಹೆಸರು ಎದುರಾಗುತ್ತದೆ. ಕೆರೆ, ಹಳ್ಳ, ಬಾವಿಗಳ ಸಿಹಿನೀರಿನಲ್ಲಿ ಎಳೆ ಎಳೆಯಾಗಿ ಬೆಳೆಯುವ ಹಸಿರು ಪಾಚಿಯನ್ನೆಲ್ಲ ಒಂದು ಕಾಲದಲ್ಲಿ ಹೆಚ್ಚುಕಡಿಮೆ ಈ ಒಂದೇ ಹೆಸರಿನ ಕೆಳಗೆ ತರುತ್ತಿದ್ದರು. ಇಂದು ಅದು ಬಳಕೆಯಲ್ಲಿರುವ ಕುಲದ (ಜೀನಸ್‌ನ) ಹೆಸರಲ್ಲ. ಆದರೂ ತುಂಗಾ, ಭದ್ರಾ, ಶರಾವತಿಗಳ ನೀರಿನ ಜೀವಿಗಳ ಬಗ್ಗೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ, ಅವರಿಗೆ ಪಾಠ ಹೇಳುವ ಅಧ್ಯಾಪಕರಿಗೆ, ಹಳೆಯ ದಾಖಲೆಗಳನ್ನು ಕನ್ನಡಕ್ಕೆ ತರುವವರಿಗೆ ಈ ಹೆಸರನ್ನು ಬಿಡಿಸಿ ನೋಡುವ ಅಗತ್ಯ ಬೀಳುತ್ತದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿದರೆ ದಾರಿ ತಪ್ಪುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಿದೆ. ಇದೇ ಕ್ರಮ ಇತರ ಹಳೆಯ ಸಸ್ಯನಾಮಗಳಿಗೂ ಬಹುಮಟ್ಟಿಗೆ ಹೊಂದುತ್ತದೆ.

ಮೊದಲು ಹೆಸರನ್ನು ಅದರ ಸ್ವರಗಳ ಸಮೇತ ಸರಿಯಾಗಿ ಬರೆದುಕೊಳ್ಳಬೇಕು. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಉಚ್ಚಾರಣೆಯನ್ನು ಅನುಸರಿಸಿ ‘ಕಾನ್ಫರ್ವಾ’ ಎನ್ನುವುದು ರೂಢಿ. ಈ ಬರಹದಲ್ಲೂ ಅದನ್ನೇ ಉಳಿಸಿಕೊಂಡಿದ್ದೇನೆ. ಆದರೆ ಲ್ಯಾಟಿನ್ನಿನಲ್ಲಿ ಮೊದಲ ಅಕ್ಷರದ ಸ್ವರ ದೀರ್ಘ ಓಕಾರ, ನಡುವಿನದು ಹ್ರಸ್ವ ಎಕಾರ, ಕೊನೆಯದು ಹ್ರಸ್ವ ಅಕಾರ. ಹಾಗಾಗಿ ಮೂಲಕ್ಕೆ ಹತ್ತಿರವಾದ ಬರವಣಿಗೆ ‘ಕೋನ್ಫೆರ್ವ’ ಎಂದಾಗುತ್ತದೆ. ಎ–ಏ, ಒ–ಓ ಎಂಬ ಭೇದವನ್ನು ಬರಹದಲ್ಲೇ ತೋರಿಸಬಲ್ಲ ಕನ್ನಡ ಲಿಪಿ ಈ ಕೆಲಸಕ್ಕೆ ರೋಮನ್ ಲಿಪಿಗಿಂತಲೂ ಅನುಕೂಲವಾದದ್ದು. ರೋಮನ್ನಿನಲ್ಲಿ ದೀರ್ಘವನ್ನು ತೋರಿಸಲು ಅಕ್ಷರದ ನೆತ್ತಿಯ ಮೇಲೆ ಪ್ರತ್ಯೇಕ ಗೆರೆ ಎಳೆಯಬೇಕು. ಸ್ವರದ ಹ್ರಸ್ವ-ದೀರ್ಘಗಳನ್ನು ಕಡೆಗಣಿಸಿದವರು ನಿಘಂಟಿನಲ್ಲಿ ಪಕ್ಕದ ಪದವನ್ನು ಹಿಡಿದು ಹೊರಟುಬಿಡುವುದು ಸಾಮಾನ್ಯ.

ಎರಡನೆಯದಾಗಿ ಪದವನ್ನು ಸರಿಯಾದ ಜಾಗದಲ್ಲಿ ಕತ್ತರಿಸಬೇಕು. ಆರಂಭದ ‘ಕೋನ್’ ಎಂಬುದು ‘ಜೊತೆಗೆ, ಒಟ್ಟಾಗಿ’ ಎಂಬ ಅರ್ಥದ ಉಪಸರ್ಗ; ಸಂಸ್ಕೃತದ ‘ಸಂ’ ಮಾಡುವ ಕೆಲಸವನ್ನೇ ಅದು ಲ್ಯಾಟಿನ್ನಿನಲ್ಲಿ ಮಾಡುತ್ತದೆ. ಉಳಿಯುವುದು ‘ಫೆರ್ವ’. ಇದರ ಹಿಂದಿರುವುದು ‘ಫೆರ್ವೇರೆ’ ಎಂಬ ಕ್ರಿಯಾಪದ. ಅರ್ಥ, ಕುದಿಯುವುದು, ಕಾಯುವುದು. ಹುಳಿ ಬರಿಸುವ ವಸ್ತುವಿಗೆ ಲ್ಯಾಟಿನ್ನಿನಲ್ಲಿರುವ ‘ಫೆರ್ಮೆಂಟುಮ್’ ಎಂಬ ಪದವೂ ಇದೇ ಮನೆತನದ್ದು. ಎರಡನ್ನೂ ಕೂಡಿಸಿದರೆ ‘ಒಟ್ಟಾಗಿ ಕುದಿಯುವುದು’ ಎಂಬ ಅರ್ಥ ಬರುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ, ನಿಂತ ಮೇಲೆ ಆ ಅರ್ಥಕ್ಕೊಂದು ಕಾರಣವನ್ನೂ ಕಟ್ಟುತ್ತಾರೆ. ನಡುಹಗಲಿನ ಬಿಸಿಲಿಗೆ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಇಡೀ ಚಾಪೆಯೇ ನೀರಿನ ಮೇಲಕ್ಕೆ ಏಳುತ್ತದೆ, ನೋಡುವವರಿಗೆ ನೀರು ಕುದಿದು ನೊರೆ ಕಟ್ಟಿದಂತೆ ಕಾಣುತ್ತದೆ, ಆದ್ದರಿಂದ ಈ ಹೆಸರು, ಎಂಬುದು ಆ ವಿವರಣೆ. ಗುಳ್ಳೆಯ ಸಂಗತಿ ನಿಜ. ಹೆಸರಿಗೆ ಅದು ಕಾರಣವೆಂಬುದು ಮಾತ್ರ ಸುಳ್ಳು.

ಸುಳ್ಳೆಂದು ತಿಳಿಯುವುದು ನಿಘಂಟಿನ ಎರಡನೆಯ ಅರ್ಥವನ್ನೂ ಓದಿದಾಗ. 1879ರಲ್ಲಿ ಪ್ರಕಟವಾದ ಲೂಯಿಸ್ ಮತ್ತು ಶಾರ್ಟ್ ಅವರ ಲ್ಯಾಟಿನ್ ನಿಘಂಟು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಕೋನ್ಫೆರ್ವೇರೆ’ ಎಂಬ ಕ್ರಿಯಾಪದಕ್ಕೆ ‘ಒಟ್ಟಾಗಿ ಕುದಿ’ ಎಂಬುದರ ಜೊತೆಗೆ ವೈದ್ಯರ ಭಾಷೆಯಲ್ಲಿ ಬಳಕೆಯಾಗುವ ಇನ್ನೊಂದು ಅರ್ಥವನ್ನೂ ಕೊಟ್ಟಿದ್ದಾರೆ: ಮುರಿದ ಮೂಳೆ ಕೂಡಿಕೊಳ್ಳುವುದು. ಮುಂದೆ ನಾವು ನೋಡಲಿರುವ ರೋಮನ್ ವಿದ್ವಾಂಸ ಪ್ಲಿನಿಗಿಂತ ಒಂದು ತಲೆಮಾರು ಹಿಂದಿನ ಕೆಲ್ಸುಸ್ ಎಂಬ ಲೇಖಕ ತನ್ನ ವೈದ್ಯಗ್ರಂಥದ ಎಂಟನೆಯ ಭಾಗದಲ್ಲಿ, ಅಂದರೆ ಮೂಳೆಗಳಿಗೆಂದೇ ಮೀಸಲಾದ ಭಾಗದಲ್ಲಿ, ಈ ಅರ್ಥದಲ್ಲಿ ಅದನ್ನು ಬಳಸಿದ್ದಾನೆ. ನಿಘಂಟನ್ನು ನೋಡುವಾಗ ಯಾವ ಅರ್ಥವನ್ನು ಯಾವ ಕ್ಷೇತ್ರದ ಲೇಖಕನಿಂದ ಎತ್ತಿಕೊಂಡಿದ್ದಾರೆ ಎಂಬುದನ್ನು ಗಮನಿಸುವುದು ಅಗತ್ಯ. ಕವಿ ಹೊರೇಸ್ ಇದೇ ಧಾತುವಿನ ರೂಪವನ್ನು ಕೋಪ ಕುದಿಯುವುದಕ್ಕೆ ಬಳಸುತ್ತಾನೆ. ಅದು ನಮ್ಮ ಪಾಚಿಯ ವಿಚಾರದಲ್ಲಿ ಏನನ್ನೂ ಹೇಳುವುದಿಲ್ಲ. ವೈದ್ಯನ ಸಾಕ್ಷಿ ಹೇಳುತ್ತದೆ.

ಹಾಗೆಂದ ಮಾತ್ರಕ್ಕೆ ನಿಘಂಟಿನ ಆಧಾರದ ಮೇಲೆಯೇ ತೀರ್ಮಾನಕ್ಕೆ ಬರಬಾರದು. ಮೂರನೆಯ ಹೆಜ್ಜೆಯಾಗಿ, ಹೆಸರನ್ನು ನಮಗೆ ಉಳಿಸಿಕೊಟ್ಟ ಮೂಲ ಲೇಖಕನ ಬಳಿಗೇ ಹೋಗಬೇಕು. ಕಾನ್ಫರ್ವಾದ ವಿಚಾರದಲ್ಲಿ ಆತ ಹಿರಿಯ ಪ್ಲಿನಿ; ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಅಧಿಕಾರಿ ಮತ್ತು ವಿದ್ವಾಂಸ. 37 ಭಾಗಗಳ ಅವನ ‘ನಿಸರ್ಗ ಚರಿತ್ರೆ’ಯ 27ನೆಯ ಭಾಗ ಔಷಧೀಯ ಗಿಡಗಳನ್ನು ಕುರಿತದ್ದು, ಈ ಹೆಸರು ಬರುವುದು ಅಲ್ಲಿ. ಪ್ಲಿನಿಯ ಗ್ರಂಥಕ್ಕೆ ಹಳೆಯ ಅಧ್ಯಾಯ ಸಂಖ್ಯೆ ಬೇರೆ, ಈಚಿನ ಪರಿಚ್ಛೇದ ಸಂಖ್ಯೆ ಬೇರೆ ಇರುವುದರಿಂದ ಒಬ್ಬರು ಕೊಟ್ಟ ಸಂಖ್ಯೆಯನ್ನು ಹಿಡಿದು ಇನ್ನೊಂದು ಆವೃತ್ತಿಯಲ್ಲಿ ಹುಡುಕಿದರೆ ಸಾಲು ಸಿಗುವುದಿಲ್ಲ. ಸಂಖ್ಯೆಗಿಂತ ಪದವನ್ನೇ ಹುಡುಕುವುದು ಲೇಸು.

ಪ್ಲಿನಿ ಹೇಳುವುದರ ಸಾರಾಂಶ ಹೀಗಿದೆ. ಈ ವಸ್ತು ಮುಖ್ಯವಾಗಿ ಆಲ್ಪ್ಸ್ ಪರ್ವತದ ನದಿಗಳಲ್ಲಿ ಸಿಗುತ್ತದೆ. ಇದನ್ನು ಪಾಚಿ ಅಥವಾ ಗಿಡ ಎನ್ನುವುದಕ್ಕಿಂತ ಸಿಹಿನೀರಿನ ಸ್ಪಂಜು ಎನ್ನುವುದೇ ಸರಿ. ಇದು ದಟ್ಟವಾಗಿ, ರೋಮರೋಮವಾಗಿ, ಕೊಳವೆಯಾಕಾರದ ಎಳೆಗಳಿಂದ ಕೂಡಿರುತ್ತದೆ. ಇಷ್ಟು ವರ್ಣನೆಯಾದ ಮೇಲೆ ಅವನು ತನಗೆ ಗೊತ್ತಿದ್ದ ಒಂದು ಪ್ರಸಂಗವನ್ನು ಹೇಳುತ್ತಾನೆ. ಎತ್ತರದ ಮರದ ಕೊಂಬೆ ಸವರುತ್ತಿದ್ದವನೊಬ್ಬ ಕೆಳಗೆ ಬಿದ್ದು ಹೆಚ್ಚುಕಡಿಮೆ ಎಲ್ಲ ಮೂಳೆಗಳನ್ನೂ ಮುರಿದುಕೊಂಡ. ಅವನ ಮೈಯಿಗೆಲ್ಲ ಕಾನ್ಫರ್ವಾವನ್ನು ಸುತ್ತಿದರು. ಒಣಗಿದಾಗಲೆಲ್ಲ ಅದು ಬೆಳೆದಿದ್ದ ನೀರನ್ನೇ ಚಿಮುಕಿಸಿದರು. ತೀರ ಹಾಳಾದಾಗ ಮಾತ್ರ, ಅದೂ ಅಪರೂಪಕ್ಕೆ, ಸುತ್ತನ್ನು ಬದಲಿಸಿದರು. ಆತ ನಂಬಲು ಕಷ್ಟವಾಗುವಷ್ಟು ಬೇಗ ಚೇತರಿಸಿಕೊಂಡ.

ಮಲೆನಾಡಿನ ಓದುಗರಿಗೆ ಈ ಪ್ರಸಂಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆಯ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲಿ ಮರದಿಂದ ಮರಕ್ಕೆ ದಾಟುವ ಕೊನೆಗಾರರು, ಮಳೆಗಾಲದಲ್ಲಿ ಜಾರುವ ಅಡಿಕೆ ಮರವನ್ನೇರಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಎದುರಿಸುವ ಅಪಾಯವೇ ಅದು. ಪ್ಲಿನಿಯ ಮಾತನ್ನು ಓದಿ ಯಾರೂ ಪಾಚಿ ಸುತ್ತುವ ಪ್ರಯೋಗಕ್ಕೆ ಇಳಿಯಬಾರದು. ಬಿದ್ದವರನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ನಮ್ಮ ಪ್ರಶ್ನೆ ಹೆಸರಿನದು, ಮತ್ತು ಆ ಪ್ರಶ್ನೆಗೆ ಈ ಪ್ರಸಂಗ ನೇರವಾದ ಉತ್ತರ ಕೊಡುತ್ತದೆ: ಮೂಳೆ ಕೂಡಿಸುವ ವಸ್ತುವೆಂಬ ನಂಬಿಕೆಯಿಂದ ಹುಟ್ಟಿದ ಹೆಸರಿದು, ನೀರಿನ ಗುಳ್ಳೆಗಳನ್ನು ನೋಡಿ ಇಟ್ಟದ್ದಲ್ಲ.

ಇಲ್ಲಿ ಒಂದು ತೊಡಕಿದೆ. ಹುಡುಕಾಟದಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗವೂ ಇದೇ. ಪ್ಲಿನಿ ತಾನೇ ಒಂದು ವ್ಯುತ್ಪತ್ತಿಯನ್ನು ಕೊಡುತ್ತಾನೆ, ಅದು ‘ಕೋನ್ಫೆರ್ವೇರೆ’ ಅಲ್ಲ. ಬೆಸುಗೆ ಹಾಕುವುದು ಎಂಬ ಅರ್ಥದ ‘ಕೋನ್ಫೆರ್ರೂಮಿನಾರೆ’ ಎಂಬ ಕ್ರಿಯಾಪದದಿಂದ ಈ ಹೆಸರು ಬಂದಿದೆ ಎನ್ನುತ್ತಾನೆ. ಮೂಲ ಲೇಖಕನೇ ಹೇಳಿದ ಮೇಲೆ ಮರುಮಾತೇಕೆ ಎನ್ನಿಸಬಹುದು. ಆದರೆ ಎರಡೂ ಪದಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ‘ಕೋನ್ಫೆರ್ರೂಮಿನಾರೆ’ಯಿಂದ ‘ಕೋನ್ಫೆರ್ವ’ ಬರಬೇಕಾದರೆ ಇಮ್ಮಡಿ ರಕಾರದಲ್ಲಿ ಒಂದು ಬಿದ್ದುಹೋಗಬೇಕು, ‘ಮಿನ್’ ಎಂಬ ಭಾಗ ಪೂರ್ತಿ ಮಾಯವಾಗಬೇಕು, ದೀರ್ಘ ಊಕಾರ ವಕಾರವಾಗಬೇಕು. ‘ಕೋನ್ಫೆರ್ವೇರೆ’ಯಿಂದಾದರೆ ಏನೂ ಬೀಳಬೇಕಾಗಿಲ್ಲ, ಧಾತುವಿಗೆ ಸ್ತ್ರೀಲಿಂಗದ ಅಕಾರ ಹತ್ತಿದರೆ ಸಾಕು. ಧ್ವನಿಗಳ ಲೆಕ್ಕದಲ್ಲಿ ಪ್ಲಿನಿ ಸೋಲುತ್ತಾನೆ.

ಹಾಗೆಂದು ಅವನ ಮಾತನ್ನು ಎಸೆದುಬಿಡುವುದೂ ತಪ್ಪು. ‘ಮಾಂಸ’ ಎಂಬ ಪದವನ್ನು ‘ಮಾಂ ಸಃ’ ಎಂದು ಬಿಡಿಸಿ, ಇಲ್ಲಿ ನಾನು ಯಾರ ಮಾಂಸವನ್ನು ತಿನ್ನುತ್ತೇನೋ ಅವನು ನನ್ನನ್ನು ಪರಲೋಕದಲ್ಲಿ ತಿನ್ನುತ್ತಾನೆ ಎಂದು ಅರ್ಥ ಹೇಳುವ ನಿರುಕ್ತಿ ಮನುಸ್ಮೃತಿಯಲ್ಲಿದೆ. ಭಾಷಾಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಆದರೂ ಆ ಕಾಲದವರು ಮಾಂಸಾಹಾರದ ಬಗ್ಗೆ ಏನು ಯೋಚಿಸುತ್ತಿದ್ದರು ಎಂಬುದಕ್ಕೆ ಅದು ಸಾಕ್ಷಿ. ಪ್ಲಿನಿಯ ವ್ಯುತ್ಪತ್ತಿಯನ್ನೂ ಹೀಗೆಯೇ ಓದಬೇಕು. ಪದ ಹೇಗೆ ಹುಟ್ಟಿತು ಎಂಬುದಕ್ಕೆ ಅವನು ಪ್ರಮಾಣವಲ್ಲ. ಆ ಪದ ರೋಮನ್ನರ ಕಿವಿಗೆ ‘ಕೂಡಿಸುವುದು’ ಎಂದು ಕೇಳುತ್ತಿತ್ತು ಎಂಬುದಕ್ಕೆ ಅವನಿಗಿಂತ ಒಳ್ಳೆಯ ಪ್ರಮಾಣ ಬೇಕಾಗಿಲ್ಲ. ಟಿಪ್ಪಣಿ ಬರೆಯುವಾಗ ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಿರಿ: ‘ಪ್ಲಿನಿಯ ಪ್ರಕಾರ ಇಂಥದ್ದು, ಪದರೂಪದ ಪ್ರಕಾರ ಇಂಥದ್ದು’.

ಮೇಲ್ನೋಟದ ಅರ್ಥ ದಾರಿ ತಪ್ಪಿಸುವುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಮಂಗರವಳ್ಳಿಯನ್ನು ಸಂಸ್ಕೃತದಲ್ಲಿ ‘ಅಸ್ಥಿಸಂಹಾರ’ ಎನ್ನುತ್ತಾರೆ. ಸಂಹಾರವೆಂದರೆ ನಾಶ ಎಂದಷ್ಟೇ ತಿಳಿದವರಿಗೆ ಇದು ಮೂಳೆಯನ್ನು ಹಾಳುಮಾಡುವ ಬಳ್ಳಿ ಎನ್ನಿಸಬಹುದು. ಆದರೆ ಇಲ್ಲಿ ಸಂಹಾರ ಎಂದರೆ ಒಟ್ಟಿಗೆ ತರುವುದು, ಕೂಡಿಸುವುದು. ದ್ರೌಪದಿಯ ವೇಣೀಸಂಹಾರ ಎಂದರೆ ಬಿಚ್ಚಿದ ಮುಡಿಯನ್ನು ಕಟ್ಟುವುದೇ ಹೊರತು ಕತ್ತರಿಸುವುದಲ್ಲ. ಕಾನ್ಫರ್ವಾದಲ್ಲಿ ‘ಕುದಿ’ ಎಂಬ ಅರ್ಥ ಮುಂದೆ ನಿಂತು ‘ಕೂಡು’ ಎಂಬ ಅರ್ಥವನ್ನು ಮರೆಮಾಡುವುದು ಇದೇ ಬಗೆಯಲ್ಲಿ. ಯುರೋಪಿನಲ್ಲಿ ಮೂಳೆಮುರಿತಕ್ಕೆ ಹಚ್ಚುತ್ತಿದ್ದ ‘ಕಾಂಫ್ರೀ’ ಎಂಬ ನೆಲದ ಗಿಡದ ಹೆಸರು ಕೂಡ ಹಳೆಯ ಫ್ರೆಂಚಿನ ಮೂಲಕ ಇದೇ ಲ್ಯಾಟಿನ್ ಪದಕುಟುಂಬದಿಂದ ಬಂದದ್ದು. ಆ ಗಿಡಕ್ಕೂ ಪಾಚಿಗೂ ಸಸ್ಯಶಾಸ್ತ್ರದಲ್ಲಿ ಯಾವ ನಂಟೂ ಇಲ್ಲ. ಹೆಸರಿನಲ್ಲಿ ನಂಟು ಉಂಟಾಗಿರುವುದು ಮೂಳೆಯಿಂದಾಗಿ.

ಮೂಲ ಸಿಕ್ಕಿದ ಮೇಲೆ ಹೆಸರಿನ ಮುಂದಿನ ಪ್ರಯಾಣವನ್ನು ಹಿಡಿಯಬೇಕು. ಪ್ಲಿನಿಯ ಕಾನ್ಫರ್ವಾವೇ ಸಸ್ಯಶಾಸ್ತ್ರದ ಕಾನ್ಫರ್ವಾ ಎಂದು ಊಹಿಸಿಕೊಳ್ಳುವ ಹಾಗಿಲ್ಲ, ಏಕೆಂದರೆ ಹದಿನೆಂಟನೆಯ ಶತಮಾನದವರು ಪ್ರಾಚೀನ ಹೆಸರುಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಬೇರೆ ವಸ್ತುಗಳಿಗೂ ಹಚ್ಚಿದ್ದಾರೆ. ವರ್ಜಿಲನ ಕಾವ್ಯದಲ್ಲಿ ‘ಉಲ್ವ’ ಎಂದರೆ ಜೌಗು ನೆಲದ ಜಂಬುಹುಲ್ಲು. ಜೀವಿಗಳಿಗೆ ಜೋಡಿ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದೇ ಹೆಸರನ್ನು ಸಮುದ್ರದ ಅಗಲವಾದ ಹಸಿರು ಪಾಚಿಗೆ ಕೊಟ್ಟ. ಕಾನ್ಫರ್ವಾ ಅಷ್ಟು ದೂರ ಹೋಗಲಿಲ್ಲ. 1741ರಲ್ಲಿ ಆಕ್ಸ್‌ಫರ್ಡಿನ ಡಿಲೇನಿಯಸ್ ಪಾಚಿ-ಹಾವಸೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಎಳೆಯಂಥ ಪಾಚಿಗಳಿಗೆ ಇದನ್ನು ಬಳಸಿದ. 1753ರಲ್ಲಿ ಲಿನೇಯಸ್ ಹೂ ಬಿಡದ ಸಸ್ಯಗಳ ತನ್ನ 24ನೆಯ ವರ್ಗದಲ್ಲಿ, ‘ಆಲ್ಗೇ’ (ಪಾಚಿಗಳು) ಎಂಬ ಗಣದ ಕೆಳಗೆ, ಇದನ್ನು ಒಂದು ಕುಲವಾಗಿ ಸೇರಿಸಿದ. ಆ ಗಣದಲ್ಲಿ ಕಲ್ಲುಹೂವುಗಳೂ ಇದ್ದವು ಎಂಬುದನ್ನು ನೆನಪಿಟ್ಟರೆ ಅಂದಿನ ‘ಆಲ್ಗೇ’ ಇಂದಿನದಲ್ಲ ಎಂದು ಸ್ಪಷ್ಟವಾಗುತ್ತದೆ. ಅಂದಹಾಗೆ ನಮ್ಮ ಕಾಂಪೌಂಡ್ ಗೋಡೆ, ಮರದ ಬೊಡ್ಡೆಗಳ ಮೇಲೆ ತುಕ್ಕಿನ ಬಣ್ಣದಲ್ಲಿ ಹಬ್ಬುವ ಟ್ರೆಂಟಿಪೋಲಿಯಾ ಎಂಬ ಪಾಚಿಯ ಒಂದು ಪ್ರಭೇದವನ್ನು ಲಿನೇಯಸ್ ಕಾನ್ಫರ್ವಾಕ್ಕೆ ಸೇರಿಸದೆ, ನಯವಾದ ನಾರುಬಟ್ಟೆಯ ಹೆಸರಾದ ‘ಬಿಸ್ಸುಸ್’ ಎಂಬ ಕುಲದಲ್ಲಿ ಇಟ್ಟಿದ್ದ.

ಕುಲದ ಹೆಸರಿನ ಜೊತೆಗಿರುವ ಎರಡನೆಯ ಪದವನ್ನೂ ಬಿಡಿಸಿ ನೋಡಬೇಕು; ಕಣ್ಣಿಗೆ ಕಂಡದ್ದನ್ನು ಹೇಳುವುದು ಬಹುಮಟ್ಟಿಗೆ ಆ ಪದವೇ. ಕಾನ್ಫರ್ವಾ ರಿವುಲಾರಿಸ್ ಎಂದರೆ ತೊರೆಯದು, ಫಾಂಟಿನಾಲಿಸ್ ಎಂದರೆ ಒರತೆಯದು, ಕ್ಯಾಪಿಲ್ಲಾರಿಸ್, ಕೂದಲಿನಂಥದ್ದು, ಗ್ಲಾಮರೇಟಾ, ಉಂಡೆ ಕಟ್ಟಿದ್ದು, ರೆಟಿಕ್ಯುಲೇಟಾ, ಬಲೆ ಹೆಣೆದದ್ದು. ಬುಲ್ಲೋಸಾ ಎಂದರೆ ಗುಳ್ಳೆಗಳುಳ್ಳದ್ದು. ಕುಲದ ಹೆಸರಿಗೇ ಗುಳ್ಳೆಯನ್ನು ಅಂಟಿಸಲು ಹೊರಟವರು ಹುಡುಕಬೇಕಾಗಿದ್ದುದು ಈ ಜಾಗದಲ್ಲಿ. ಕಾನ್ಫರ್ವಾ ಸ್ತ್ರೀಲಿಂಗದ ಪದವಾದ್ದರಿಂದ ವಿಶೇಷಣಗಳೂ ಸ್ತ್ರೀಲಿಂಗದಲ್ಲೇ ಇವೆ ಎಂಬುದನ್ನು ಗಮನಿಸಿ. ಮುಂದಿನ ಹೆಜ್ಜೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಸೂಕ್ಷ್ಮದರ್ಶಕ ಉತ್ತಮಗೊಂಡಂತೆ ಈ ಕುಲ ಒಡೆಯುತ್ತ ಹೋಯಿತು. 1803ರಲ್ಲಿ ಜಿನೀವಾದ ಪಾದ್ರಿ ವೋಶೇ, ಅಂದರೆ ಪ್ಲಿನಿ ಹೇಳಿದ ಆಲ್ಪ್ಸ್ ಪರ್ವತದ ತಪ್ಪಲಲ್ಲೇ ಕುಳಿತವನು, ಸಿಹಿನೀರಿನ ಕಾನ್ಫರ್ವಾಗಳ ಬಗ್ಗೆಯೇ ಒಂದು ಗ್ರಂಥ ಬರೆದು, ಎರಡು ಎಳೆಗಳು ಪಕ್ಕಪಕ್ಕದಲ್ಲಿ ಕೂಡಿ ಬೀಜಕ ಕಟ್ಟುವುದನ್ನು ವರ್ಣಿಸಿದ. ಅಂಥ ಪಾಚಿಗಳಲ್ಲಿ ಕೋಶದೊಳಗೆ ಸುರುಳಿಯ ಹಸಿರು ಪಟ್ಟಿ ಉಳ್ಳವು 1820ರಲ್ಲಿ ಲಿಂಕ್ ಇಟ್ಟ ‘ಸ್ಪೈರೋಗೈರಾ’ ಎಂಬ ಹೆಸರಿಗೆ ಸೇರಿದವು. ಕಾನ್ಫರ್ವಾ ಗ್ಲಾಮರೇಟಾ 1843ರಲ್ಲಿ ಕ್ಯುಟ್ಸಿಂಗನ ಕೈಯಲ್ಲಿ ಕ್ಲಾಡೋಫೋರಾ ಗ್ಲಾಮರೇಟಾ ಆಯಿತು. ಕಾನ್ಫರ್ವಾ ರೆಟಿಕ್ಯುಲೇಟಾ ಈಗ ಹೈಡ್ರೋಡಿಕ್ಟಿಯಾನ್ ರೆಟಿಕ್ಯುಲೇಟಮ್. ‘ನೀರಿನ ಬಲೆ’ ಎಂಬ ಅರ್ಥದ ಗ್ರೀಕ್ ಪದ ನಪುಂಸಕಲಿಂಗವಾದ್ದರಿಂದ ವಿಶೇಷಣದ ಕೊನೆಯೂ ಬದಲಾಯಿತು. ಕಾನ್ಫರ್ವಾ ಜೆಲಟಿನೋಸಾ ಕೆಂಪು ಪಾಚಿಗಳ ಗುಂಪಿಗೆ ಸೇರಿ ಬ್ಯಾಟ್ರಕೋಸ್ಪರ್ಮಮ್ ಆಯಿತು. ಹೆಸರಿನ ಅರ್ಥ ಕಪ್ಪೆಮೊಟ್ಟೆ. ಆಲ್ಗೀಬೇಸ್ ಎಂಬ ಅಂತರ್ಜಾಲದ ಭಂಡಾರದಲ್ಲಿ ಹಳೆಯ ಜೋಡಿ ಹೆಸರನ್ನು ಹಾಕಿದರೆ ಈಗಿನ ಹೆಸರು ಸಿಗುತ್ತದೆ. ಅಲ್ಲಿ ಲೇಖಕನ ಹೆಸರು ಆವರಣ ಚಿಹ್ನೆಯೊಳಗೆ ಇದ್ದರೆ, ಆತ ಮೊದಲು ಹೆಸರಿಟ್ಟವನು ಎಂದೂ ಚಿಹ್ನೆಯ ಹೊರಗಿರುವವನು ಅದನ್ನು ಈಗಿನ ಕುಲಕ್ಕೆ ಸಾಗಿಸಿದವನು ಎಂದೂ ತಿಳಿಯಬೇಕು. ಹುಡುಕುವಾಗ ವಿಶೇಷಣದ ಕೊನೆಯ ಅಕ್ಷರ ಬದಲಾಗಿರಬಹುದೆಂಬುದನ್ನು ಮರೆತರೆ ಇರುವ ಹೆಸರೂ ಇಲ್ಲವೆಂದು ಕಾಣುತ್ತದೆ.

ಕಾಗದದ ಕೆಲಸ ಮುಗಿದ ಮೇಲೆ ನೀರಿನಲ್ಲೂ ಒಮ್ಮೆ ನೋಡುವುದು ಒಳ್ಳೆಯದು. ಮಳೆಗಾಲದ ಹರಿವಿನ ರಭಸಕ್ಕೆ ಹಳ್ಳದ ಕಲ್ಲುಗಳು ಬೋಳಾಗಿರುತ್ತವೆ. ಆಗ ಅಂಗಳದಲ್ಲಿ ನಾವು ಅಡಿಕೆ ಸೋಗೆ ಹಾಸುವಂತೆ ಮಾಡುವ ಜಾರುವ ಹಾವಸೆ ಬೇರೆಯೇ ಬಗೆಯದು. ನೀರು ತಿಳಿಯಾಗಿ ಹರಿವು ಸಣ್ಣದಾಗುವ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಸೂಕ್ತ. ತೋಟದ ಬಸಿಗಾಲುವೆ, ಗದ್ದೆಯ ಮೂಲೆಯಲ್ಲಿ ನಿಂತ ನೀರು, ಕೆರೆಯ ಅಂಚು, ಕೂಡ್ಲಿಯಂಥ ಕಡೆ ಬಂಡೆಗಳ ನಡುವಿನ ನಿಶ್ಚಲ ಗುಂಡಿಗಳು, ಇವುಗಳಿಂದ ಒಂದೊಂದು ಚಿಟಿಕೆಯಷ್ಟು ಎಳೆಯನ್ನು ಅದೇ ನೀರಿನೊಂದಿಗೆ ಅಗಲ ಬಾಯಿಯ ಶೀಶೆಗೆ ತೆಗೆದುಕೊಳ್ಳಿ. ಅರ್ಧ ಮಾತ್ರ ತುಂಬಿಸಿ, ನೆರಳಿನಲ್ಲಿಡಿ.

ಮೊದಲ ಪರೀಕ್ಷೆ ಬೆರಳಿನದು. ಎಳೆಗಳು ಲೋಳೆಯಂತೆ ನುಣುಪಾಗಿ ಜಾರಿದರೆ ಸ್ಪೈರೋಗೈರಾ ಅಥವಾ ಅದರ ಸಂಬಂಧಿ ಇರುವ ಸಾಧ್ಯತೆ ಹೆಚ್ಚು; ಒರಟಾಗಿ, ಹಿಂಡಿದರೆ ನೀರು ಬಿಟ್ಟು ನೂಲಿನಂತೆ ಉಳಿದರೆ ಕ್ಲಾಡೋಫೋರಾ ಇರಬಹುದು, ಭೂತಗನ್ನಡಿಯಲ್ಲಿ ಅದರ ಕವಲುಗಳು ಕಾಣುತ್ತವೆ. ಬಿಳಿಯ ಬಟ್ಟಲಿನ ನೀರಿನಲ್ಲಿ ಹರಡಿದಾಗ ಐದಾರು ಬದಿಗಳ ಕಣ್ಣುಗಳುಳ್ಳ ಬಲೆ ಬರಿಗಣ್ಣಿಗೇ ಕಂಡರೆ ಅದು ಹೈಡ್ರೋಡಿಕ್ಟಿಯಾನ್. ಲಿನೇಯಸ್ ಏಕೆ ರೆಟಿಕ್ಯುಲೇಟಾ ಎಂದನೆಂದು ಕೇಳಬೇಕಾಗುವುದಿಲ್ಲ. ನೆರಳಿನ ತಣ್ಣನೆಯ ತೊರೆಯ ಕಲ್ಲಿಗೆ ಅಂಟಿದ, ಮಣಿ ಪೋಣಿಸಿದಂತೆ ಕಾಣುವ ಲೋಳೆಯ ಎಳೆ ಸಿಕ್ಕರೆ ಬ್ಯಾಟ್ರಕೋಸ್ಪರ್ಮಮ್ ಎಂದು ಸಂಶಯಿಸಬಹುದು. ಅದನ್ನು ಕಿತ್ತು ತರದೆ ಫೋಟೋ ತೆಗೆದುಕೊಳ್ಳುವುದು ಲೇಸು.

ಶಾಲೆಯ ಪ್ರಯೋಗಾಲಯದ ಅಯೋಡಿನ್ ದ್ರಾವಣ ಇನ್ನೊಂದು ಒಳ್ಳೆಯ ಸಾಧನ. ಗಾಜಿನ ಹಲಗೆಯ ಮೇಲಿನ ಎಳೆಗೆ ಒಂದು ಹನಿ ಬಿಟ್ಟಾಗ ಸ್ಪೈರೋಗೈರಾದ ಸುರುಳಿಪಟ್ಟಿಯ ಮೇಲಿನ ಗಂಟುಗಳು ಪಿಷ್ಟವಿರುವುದರಿಂದ ನೀಲಿಗಪ್ಪಾಗುತ್ತವೆ. ಆಗಾರ್ಡ್ ಎಂಬಾತ ‘ರೇಷ್ಮೆಯಂಥದ್ದು’ ಎಂಬ ಅರ್ಥದಲ್ಲಿ ಕಾನ್ಫರ್ವಾ ಬಾಂಬಿಸಿನಾ ಎಂದು ಕರೆದ, 1851ರಿಂದ ಟ್ರೈಬೋನೀಮಾ ಎನಿಸಿಕೊಂಡ ಪಾಚಿ ಹಾಗಾಗುವುದಿಲ್ಲ. ಅದು ಪಿಷ್ಟವನ್ನು ಕೂಡಿಡುವುದಿಲ್ಲ, ಹಸಿರು ಪಾಚಿಗಳ ಗುಂಪಿಗೇ ಸೇರಿದ್ದಲ್ಲ. ಎಳೆ ತುಂಡಾದಾಗ ಅದರ ಕೋಶಗಳ ಗೋಡೆ ರೋಮನ್ ಲಿಪಿಯ ಎಚ್ ಅಕ್ಷರದ ಆಕಾರದ ಚೂರುಗಳಾಗಿ ಒಡೆಯುತ್ತದೆ.

ಇಷ್ಟಾದ ಮೇಲೆ ಚೀಟಿ ಬರೆಯುವ ಕೆಲಸ. ಹಳೆಯ ಶೀಶೆಯ ಮೇಲೆ ‘ಕಾನ್ಫರ್ವಾ’ ಎಂದಷ್ಟೇ ಇದ್ದು ಪ್ರಭೇದದ ಹೆಸರು ಇಲ್ಲದಿದ್ದರೆ, ಅದನ್ನು ಅಳಿಸಿ ಸ್ಪೈರೋಗೈರಾ ಎಂದು ಬರೆಯಬೇಡಿ. ಹಳೆಯ ಚೀಟಿಯನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ತಾರೀಖಿನ ಸಮೇತ ಬರೆಯಿರಿ. ಮಾದರಿಯೇ ಇಲ್ಲದೆ ಬರಿಯ ಬರಹದಲ್ಲಿ, ‘ಬಾವಿಯಲ್ಲಿ ಕಾನ್ಫರ್ವಾ ತುಂಬಿದೆ’ ಎಂಬಂಥ ವಾಕ್ಯದಲ್ಲಿ ಹೆಸರು ಬಂದಿದ್ದರೆ, ಕನ್ನಡಕ್ಕೆ ತರುವಾಗ ‘ಎಳೆಯಂಥ ಪಾಚಿ’ ಎನ್ನುವುದೇ ಸರಿಯಾದ ಅನುವಾದ. ಆ ಲೇಖಕನಿಗೆ ಗೊತ್ತಿದ್ದುದೂ ಅಷ್ಟೇ, ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ಅವನ ಬಾಯಲ್ಲಿ ಇಡುವ ಹಾಗಿಲ್ಲ.